ಕುಕ್ಕರಗಾಲಿಗೆ ಟ್ಯೂಷನ್

"ಸರ್, ನಿಮಗೆ ಕೂತ್ಕೊಳ್ಳೋಕೇ ಬರಲ್ಲ" ಅಂದಳು ಫಿಸಿಯೋಥೆರಪಿ ಹುಡುಗಿ. 22 ವರ್ಷದಿಂದ ಆಫೀಸಿನಲ್ಲಿ ಕೂತೇ ಸಂಬಳ ಎಣಿಸುತ್ತಿರುವವನಿಗೆ ಹೇಳುವ ಮಾತೇ ಇದು? ಅದೂ ಫೀಸು ತಗೊಂಡು!

ಮಂಚದ ಕೆಳಗೆ ಸೇರಿದ್ದ ಕಾಲುಚೀಲ ತೆಗೆಯಲು ಬಗ್ಗಿದವನು ಹಾಗೇ ಸೊಂಟ ಹಿಡಿದು ನಿಂತಿದ್ದೆ. ಆ ಕಥೆ ಬಿಡಿ, ನಿಮ್ಮ ಮನೆಯಲ್ಲೂ ಆಗಿರುತ್ತದೆ. ಅವಳ ಪ್ರಕಾರ ಅಸಲಿ ಕಳ್ಳ ಸೊಂಟವಲ್ಲ, ಕಣಕಾಲು. ಕುಕ್ಕರಗಾಲಲ್ಲಿ ಕೂರುವಾಗ ಮೀನಖಂಡ ಬಿಗಿದುಕೊಂಡರೆ ಕಣಕಾಲು ಬಾಗುವುದಿಲ್ಲ, ಅದು ಬಾಗದಿದ್ದರೆ ಮಂಡಿ ಮುಂದಕ್ಕೆ ಬರುವುದಿಲ್ಲ, ಭಾರವೆಲ್ಲ ಹಿಂದಕ್ಕೆ. ಆಗ ಒಂದೋ ಹಿಮ್ಮಡಿ ಏಳುತ್ತದೆ, ಇಲ್ಲವೇ ಯಜಮಾನರು ಬೀಳುತ್ತಾರೆ. ನಾನು ಎರಡನ್ನೂ ಮಾಡಿ ತೋರಿಸಿದೆ.

ಮನೆಪಾಠ ಹೀಗೆ: ಹಿಮ್ಮಡಿ ಕೆಳಗೆ ಮಡಚಿದ ಟವೆಲ್, ಕಾಲು ಭುಜದಗಲ, ಬೆರಳು ತುಸು ಹೊರಕ್ಕೆ, ಗಟ್ಟಿಯಾದದ್ದೇನಾದರೂ ಹಿಡಿದು ನಿಧಾನಕ್ಕೆ ಕೂತು 30 ಸೆಕೆಂಡು ಇರುವುದು. ಬಾಡಿಗೆ ಮನೆಯಲ್ಲಿ ಗಟ್ಟಿಯಾದದ್ದು ಯಾವುದು ಅಂತ ಅವಳಿಗೇನು ಗೊತ್ತು! ಬಾಗಿಲಿನ ಹಿಡಿ ಕೈಗೇ ಬಂತು, ಅದು ಅಡ್ವಾನ್ಸಿನಲ್ಲಿ ಕಟ್. ಫ್ರಿಜ್ ಬಾಗಿಲು ಹಿಡಿದೆ. ಅದು ತೆರೆದುಕೊಂಡಿತು, ನಾನು ಮಲಗಿಕೊಂಡೆ, ನಿನ್ನೆಯ ಸಾರು ನನ್ನ ಮೇಲೆ ಮಲಗಿತು. ಕೊನೆಗೆ ಉಳಿದದ್ದು ನೆಲಮಹಡಿ ಬಾಲ್ಕನಿಯ ಕಬ್ಬಿಣದ ಗ್ರಿಲ್.

ಬೆಳಿಗ್ಗೆ ಆರೂವರೆಗೆ, ಎರಡು ಸರಳು ಹಿಡಿದು, ನಡುವೆ ಮುಖ ಇಟ್ಟು, ಹಲ್ಲು ಕಚ್ಚಿ ಕೂತವನನ್ನು ಹೊರಗಿನಿಂದ ನೋಡಿದರೆ ಹೇಗೆ ಕಾಣುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ವಾಚ್‌ಮನ್‌ಗೆ ಹೊಳೆಯಿತು.

"ಏನ್ರೀ ಸರ, ಮನ್ಯಾಗ ಲಾಕ್ ಮಾಡ್ಯಾರೇನ್ರಿ?"

"ಇಲ್ಲಪ್ಪಾ, ಎಕ್ಸರ್ಸೈಜು."

"ಹಾಂ?" ಅಂದವನು ಗೇಟು ಬಿಟ್ಟು ಬಂದು, ಗ್ರಿಲ್ಲಿನ ಆಚೆ ನನ್ನೆದುರಿಗೇ ಕುಕ್ಕರಗಾಲಲ್ಲಿ ಕೂತ. ಯಾವ ಆಧಾರವೂ ಇಲ್ಲ. ಎರಡೂ ಹಿಮ್ಮಡಿ ನೆಲಕ್ಕೆ ಅಂಟಿಸಿದ ಹಾಗೆ. ಒಂದು ಕೈಯಲ್ಲಿ ಬೀಡಿ, ಇನ್ನೊಂದರಲ್ಲಿ ಮೊಬೈಲು. ಆ ಭಂಗಿಯಲ್ಲೇ ಮಗಳ ಮದುವೆ ಸಾಲ, ಮೂರನೇ ಮಹಡಿಯವರ ನಾಯಿ, ನೀರಿನ ಟ್ಯಾಂಕರು ಎಲ್ಲ ಹೇಳಿದ. ನಾನು ಏಳು, ಎಂಟು ಅಂತ ಸೆಕೆಂಡು ಎಣಿಸುತ್ತಿದ್ದೆ. ಅವನು ನಡುವೆ ಮಾತಾಡಿಸಿದಾಗಲೆಲ್ಲ ಲೆಕ್ಕ ತಪ್ಪಿ ಮತ್ತೆ ಒಂದರಿಂದ. ಆಮೇಲೆ ಬೀಡಿ ಒಸಕಿ, ಕೈ ಊರದೆ ದಡಕ್ಕನೆ ಎದ್ದು ಹೋದ. ಹೊಟ್ಟೆ ಉರಿಯಿತು.

ಈಗ ಅದೇ ಅವನ ರೂಢಿ. ದಿನಾ ಬರುತ್ತಾನೆ, ಕೂರುತ್ತಾನೆ, ನನ್ನ ಹಿಮ್ಮಡಿ ಪರೀಕ್ಷಿಸುತ್ತಾನೆ. "ಇವತ್ತು ಒಂದೀಟು ತೆಳಗ ಬಂದೀರಿ ನೋಡ್ರಿ" ಅಂತ ಮಾರ್ಕ್ಸು ಬೇರೆ. ನಿನ್ನೆ ಪೇಪರ್ ಹುಡುಗನನ್ನೂ ಕರೆದು ತೋರಿಸಿದ.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ತುಂಬ ನಕ್ಕಳು. ಬಚ್ಚಲ ಒಲೆಗೆ ಸೌದೆ ಒಟ್ಟುತ್ತ, ಅಂಗಳದಲ್ಲಿ ರಂಗೋಲಿ ಇಡುತ್ತ ಅರ್ಧ ಆಯುಸ್ಸು ಕುಕ್ಕರಗಾಲಲ್ಲೇ ಕಳೆದವಳು. ಪಕ್ಕದಲ್ಲಿ ನಾನೂ ಹಾಗೇ ಕೂತು ಗೋಲಿ ಆಡುತ್ತಿದ್ದೆ, ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಹೋದ ವರ್ಷ ಅವಳ ಎರಡೂ ಮಂಡಿಯ ಆಪರೇಷನ್ ಆಯಿತು. ಇನ್ನು ಹಾಗೆ ಕೂರಲೇಬಾರದು ಅಂದಿದ್ದಾರೆ ಡಾಕ್ಟರು. "ನನ್ನ ಪಾಲಿಂದೂ ನೀನೇ ಕೂತ್ಕೊಳ್ಳೋ" ಅಂದಳು.

ಇವತ್ತು ಆ ಹುರುಪಿನಲ್ಲಿ ಟವೆಲ್ ತೆಗೆದುಬಿಟ್ಟೆ. ಹಿಮ್ಮಡಿ ಏಳಲಿಲ್ಲ! 30 ಮುಗಿಯಿತು, 40 ಆಯಿತು. ಆಮೇಲೆ ಗೊತ್ತಾಯಿತು, ಹಿಮ್ಮಡಿಯಷ್ಟೇ ಅಲ್ಲ, ನಾನೂ ಏಳುತ್ತಿಲ್ಲ. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಕಾಲು ಜೋಮು ಹಿಡಿದಿತ್ತು. ಎದುರಿಗೆ ಎಂದಿನಂತೆ ಅವನು.

ಸ್ವಲ್ಪ ಹೊತ್ತು ನೋಡಿ, ಬೀಡಿ ಬಾಯಿಂದ ತೆಗೆದ. "ಸರ, ಮ್ಯಾಲ ಏಳ್ತೀರೇನು? ಇಲ್ಲಾಂದ್ರ ಚಾ ಅಲ್ಲಿಗೇ ಕೊಡ್ಲಿ?"

ಸರಳಿನ ನಡುವೆ ಲೋಟ ತೂರುತ್ತದೆ. ಚಾ ಚೆನ್ನಾಗಿತ್ತು.