ಟೌಂಗ್ ಮಗುವನ್ನು ನಂಬಲು ಏಕೆ ಅಷ್ಟು ವರ್ಷ ಬೇಕಾಯಿತು?

‘ವಿಜ್ಞಾನಿಗಳು ದಿನಕ್ಕೊಂದು ಮಾತಾಡುತ್ತಾರೆ, ಮನುಷ್ಯನ ಹುಟ್ಟಿನ ಬಗ್ಗೆ ಅವರು ಹೇಳುವುದನ್ನು ಹೇಗೆ ನಂಬುವುದು?’ ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಟೌಂಗ್ ಮಗುವಿನ, ಅಂದರೆ ಮನುಷ್ಯನ ಪ್ರಾಚೀನ ಪೂರ್ವಜರ ಬಳಗದ ಮಗುವೊಂದರ ಕಲ್ಲಾದ ಬುರುಡೆಯ, ನೆನಪಾಗುತ್ತದೆ.

1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್‌ನ ಸುಣ್ಣಕಲ್ಲಿನ ಗಣಿಯಿಂದ ಬಂದ ಕಲ್ಲಿನ ಗಟ್ಟಿಯೊಳಗೆ ಅದರ ಮುಖ ಹುದುಗಿತ್ತು. ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕ ರೇಮಂಡ್ ಡಾರ್ಟ್ ಹೆಣಿಗೆ ಕಡ್ಡಿಗಳನ್ನು ಚೂಪು ಮಾಡಿಕೊಂಡು ವಾರಗಟ್ಟಲೆ ಕೆರೆದು ಅದನ್ನು ಬಿಡಿಸಿದರು. ಆ ಬುರುಡೆಯ ಅಚ್ಚಿನ ಪ್ರತಿಯೊಂದನ್ನು ನಾನು ಹಿಡಿದು ನೋಡಿದ್ದೇನೆ. ಅಂಗೈಯಲ್ಲಿ ಕೂರುತ್ತದೆ. ಹಾಲುಹಲ್ಲುಗಳ ಸಾಲು, ಅದರ ಹಿಂದೆ ಆಗತಾನೇ ಮೂಡಿದ ದವಡೆ ಹಲ್ಲು. ಮೂರು-ನಾಲ್ಕು ವರ್ಷದ ಮಗು! ತಳದಲ್ಲಿ ಬೆನ್ನುಹುರಿ ಹೊರಬರುವ ಜಾಗ ಚಿಂಪಾಂಜಿಯಲ್ಲಿರುವುದಕ್ಕಿಂತ ಮುಂದಕ್ಕಿದೆ. ಅಂದರೆ ತಲೆ ನೆಟ್ಟಗಿನ ಬೆನ್ನುಮೂಳೆಯ ಮೇಲೆ ಕೂತಿತ್ತು. ಮಿದುಳು ವಾನರದಷ್ಟು ಚಿಕ್ಕದು, ನಡಿಗೆ ಮಾತ್ರ ಎರಡು ಕಾಲಿನದು. 1925ರಲ್ಲಿ ಡಾರ್ಟ್ ಇದನ್ನೇ ಬರೆದರು.

ದೊಡ್ಡ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಏಕೆಂದರೆ ಅವರ ಬಳಿ ಆಗಲೇ ಇಂಗ್ಲೆಂಡಿನ ಪಿಲ್ಟ್‌ಡೌನ್ ಬುರುಡೆ ಇತ್ತು: ದೊಡ್ಡ ಮಿದುಳು, ವಾನರನ ದವಡೆ. ಮೊದಲು ಬೆಳೆದದ್ದು ಬುದ್ಧಿಯೇ ಇರಬೇಕು, ಅದೂ ಯುರೋಪಿನಲ್ಲೇ ಇರಬೇಕು ಎಂಬ ಆಸೆಗೆ ಅದು ಹೇಳಿ ಮಾಡಿಸಿದಂತಿತ್ತು. ನಿಜಕ್ಕೂ ಹೇಳಿ ಮಾಡಿಸಿದ್ದೇ, ಯಾರೋ ಜೋಡಿಸಿದ ನಕಲಿ! ನಮ್ಮ ಪೂರ್ವಜರು ಆಫ್ರಿಕಾದಲ್ಲಿ ಬದುಕಿದ್ದಿರಬೇಕು ಎಂದು ಡಾರ್ವಿನ್ 1871ರಲ್ಲೇ ಊಹಿಸಿದ್ದರೂ ಅದು ಯಾರಿಗೂ ಬೇಕಿರಲಿಲ್ಲ.

ನನಗೆ ಸಿಟ್ಟು ಬರುವುದು ಮೋಸ ಮಾಡಿದವನ ಮೇಲಿಗಿಂತ, ನಲವತ್ತು ವರ್ಷ ಅದನ್ನು ನಂಬಿದವರ ಗರ್ವದ ಮೇಲೆ. ಆದರೆ ಆ ಮೋಸವನ್ನು ಹಿಡಿದವರು ಹೊರಗಿನವರಲ್ಲ, ವಿಜ್ಞಾನಿಗಳೇ. 1953ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಆ ಹಲ್ಲುಗಳ ಮೇಲೆ ಅರದಿಂದ ಉಜ್ಜಿದ ಗೀರುಗಳು ಕಂಡವು. ದವಡೆ ಒರಾಂಗುಟಾನ್‌ನದು, ಬಣ್ಣ ಹಚ್ಚಿ ಹಳತು ಮಾಡಿದ್ದು. ಅಷ್ಟರಲ್ಲಿ ಪಳೆಯುಳಿಕೆ ತಜ್ಞ ರಾಬರ್ಟ್ ಬ್ರೂಮ್ ದಕ್ಷಿಣ ಆಫ್ರಿಕಾದ ಸ್ಟರ್ಕ್‌ಫಾಂಟೇನ್ ಗುಹೆಗಳಿಂದ ಟೌಂಗ್ ಕುಲದ ದೊಡ್ಡವರ ಬುರುಡೆಗಳನ್ನೂ ಎರಡು ಕಾಲಿನ ನಡಿಗೆಗೆ ಸಾಕ್ಷಿಯಾದ ಸೊಂಟದ ಮೂಳೆಯನ್ನೂ ತೆಗೆದಿದ್ದರು. ಪಿಲ್ಟ್‌ಡೌನ್ ಪರ ನಿಂತಿದ್ದ ಬ್ರಿಟನ್ನಿನ ಅಂಗರಚನಾ ಶಾಸ್ತ್ರಜ್ಞ ಆರ್ಥರ್ ಕೀತ್ ಅವರೇ 1947ರಲ್ಲಿ, ಡಾರ್ಟ್ ಸರಿ, ನಾನು ತಪ್ಪು ಎಂದು ಬರೆದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ, ಎಲ್ಲರ ಮುಂದೆ, ಅಚ್ಚಿನಲ್ಲಿ! ದಿನಕ್ಕೊಂದು ಮಾತು ಎಂದು ಹಂಗಿಸುವವರು ಈ ಮಾತು ಬದಲಿಸುವಿಕೆಯ ಬೆಲೆಯನ್ನು ಯೋಚಿಸಬೇಕು.

ಮಗುವಿನ ಕಥೆ ಅಲ್ಲಿಗೂ ಮುಗಿಯಲಿಲ್ಲ. ಎಂಬತ್ತು ವರ್ಷ ಎಷ್ಟೋ ಕೈಗಳಲ್ಲಿ ಓಡಾಡಿದ ಆ ಬುರುಡೆಯ ಕಣ್ಣುಗೂಡುಗಳಲ್ಲಿ ಸಣ್ಣ ತೂತುಗಳೂ ಗೀರುಗಳೂ ಇದ್ದವು. ಹದ್ದು ಕೊಂದ ಕೋತಿಗಳ ಬುರುಡೆಗಳ ಮೇಲೆ ಇರುವಂಥವೇ ಗುರುತುಗಳು ಅವು ಎಂದು 2006ರಲ್ಲಿ ಪಳೆಯುಳಿಕೆ ತಜ್ಞ ಲೀ ಬರ್ಗರ್ ತೋರಿಸಿದರು.