ಉಪ್ಪಾಗೆ ನೀರಿನಿಂದ ಬೊಜ್ಜು ಕರಗುವುದಿಲ್ಲ

"ಶಿರಸಿ ಉಪ್ಪಾಗೆ ಸಿಪ್ಪೆ ಕುದಿಸಿ ಖಾಲಿ ಹೊಟ್ಟೆಗೆ ಕುಡಿಯಿರಿ, ತಿಂಗಳಲ್ಲಿ ಬೊಜ್ಜು ಮಾಯ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಉಪ್ಪಾಗೆ ಅಂದರೆ ಮಲೆನಾಡಿನ ಕಡೆ ಅಡುಗೆಯ ಹುಳಿಗೆ ಬಳಸುವ ಹಣ್ಣು. ಈ ಮೆಸೇಜ್ ಸರಿಯಲ್ಲ.

ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇರುವುದು ನಿಜ. ಸಕ್ಕರೆ ಅಂಶ ಕೊಬ್ಬಾಗಲು ಬೇಕಾದ ಒಂದು ಕಿಣ್ವವನ್ನು ಅದು ಲ್ಯಾಬಿನಲ್ಲಿ ತಡೆಯುತ್ತದೆ. ಆದರೆ ಮನುಷ್ಯರಲ್ಲಿ ಅದರಿಂದ ಬೊಜ್ಜು ಕರಗುತ್ತದೆ ಎಂದು ಸಾಬೀತಾಗಿಲ್ಲ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 135 ಜನರನ್ನು 12 ವಾರ ನೋಡಿದರು. ಉಪ್ಪಾಗೆ ಸಾರದ ಮಾತ್ರೆ ತಿಂದವರಿಗೂ ಸುಮ್ನೆ ಹುಸಿ ಮಾತ್ರೆ ತಿಂದವರಿಗೂ ತೂಕದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆ ತಿಂದ ಕೆಲವರ ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ. ಸಕ್ಕರೆ ಕಾಯಿಲೆಗೆ ಔಷಧಿ ತಗೊಳ್ಳುವವರು ದಯವಿಟ್ಟು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಅಡುಗೆಯ ಹುಳಿಗೆ ಎರಡು ಒಣ ಸಿಪ್ಪೆ ಹಾಕಿದರೆ ಹೆದರಬೇಕಿಲ್ಲ. ಇನ್ನು ಬಿಸಿ ದೋಸೆ ಮೇಲೆ ಕರಗುವ ಉಪ್ಪಾಗೆ ತುಪ್ಪ? ಅದು ಬೀಜದ ಕೊಬ್ಬೇ ಅಲ್ವಾ, ಗ್ರಾಂಗೆ 9 ಕ್ಯಾಲೊರಿ.