ಏಪ್ರಿಲ್‌ನಲ್ಲಿ ಮಲ್ಲಿಗೆ ಸವರಿದ ಪುಣ್ಯಾತ್ಮರಿಗೆ

ಇವತ್ತು ಬೆಳಿಗ್ಗೆ ಐದೂಮುಕ್ಕಾಲಿಗೆ ಹೂಬುಟ್ಟಿ ಹಿಡಿದು ಹಿತ್ತಲಿಗೆ ಹೋದರೆ ಐದು ದುಂಡುಮಲ್ಲಿಗೆ ಗಿಡಗಳ ಜಾಗದಲ್ಲಿ ಐದು ಮೋಟುಗಳು ನಿಂತಿದ್ದವು. ನೆಲದ ತುಂಬ ಎಲೆ, ಕಡ್ಡಿ. ಅವುಗಳ ನಡುವೆ ಅಕ್ಕಿಕಾಳಿನಷ್ಟು, ಹೆಸರುಕಾಳಿನಷ್ಟು, ನಾಳೆಯೋ ನಾಡಿದ್ದೋ ಬಿರಿಯಬೇಕಿದ್ದ ಕಡಲೆಕಾಳಿನಷ್ಟು ಮೊಗ್ಗುಗಳು, ಬಾಡಿ ಕಂದಿದ್ದವು. ನನ್ನದೇ ಕತ್ತರಿಯನ್ನು ಗೋಡೆಗೆ ಒರಗಿಸಿಟ್ಟಿದ್ದರು.

ಕಾಫಿ ಲೋಟ ಹಿಡಿದು ಹಿಂದೆಯೇ ಬಂದ ಮೈದುನ ಹೇಳಿದ್ದು ಇಷ್ಟು: “ತುಂಬಾ ಕೊಬ್ಬಿದ್ದವು ಅತ್ತಿಗೆ, ನಿನ್ನೆ ಸಂಜೆ ನೀವು ಪೂರಿ ಲಟ್ಟಿಸುತ್ತಿದ್ದಾಗ ಸ್ವಲ್ಪ ಕತ್ತರಿಸಿಬಿಟ್ಟೆ. ಮೊಬೈಲ್‌ನಲ್ಲಿ ನೋಡಿದ್ದೆ. ಇನ್ನು ನೋಡಿ, ಹೇಗೆ ಹೂ ಬಿಡುತ್ತದೆ.”

ಹೌದಪ್ಪ, ನಾನು ಪೂರಿ ಲಟ್ಟಿಸುತ್ತಿದ್ದೆ. ಹನ್ನೊಂದು ಜನಕ್ಕೆ ತಲೆಗೆ ನಾಲ್ಕರಂತೆ 44 ಪೂರಿ. ಅಷ್ಟು ಹೊತ್ತು ನನ್ನ ಕಣ್ಣು ಹಿತ್ತಲಿನ ಮೇಲೆ ಇರಲಿಲ್ಲ, ಅದು ನನ್ನದೇ ತಪ್ಪು.

ಮಲ್ಲಿಗೆ ಸವರುವುದಕ್ಕೂ ಒಂದು ಕಾಲವಿದೆ. ಚಳಿ ಹಿಡಿದ ಮೇಲೆ, ಡಿಸೆಂಬರಿನಲ್ಲಿ, ಮೊದಲು ನೀರು ಕಡಿಮೆ ಮಾಡಿ ಗಿಡವನ್ನು ಸೊರಗಿಸಬೇಕು. ಆಮೇಲೆ ಕಡ್ಡಿ ಸವರಿ, ಬುಡ ಕೆದಕಿ ನಾಲ್ಕು ದಿನ ಬಿಸಿಲು ಕಾಣಿಸಿ, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಕೊಟ್ಟು ನೀರು ಹರಿಸಿದರೆ ಹೊಸ ಚಿಗುರು ಬರುತ್ತದೆ. ಮಲ್ಲಿಗೆ ಮೊಗ್ಗು ಕಟ್ಟುವುದು ಆ ಹೊಸ ಚಿಗುರಿನ ತುದಿಯಲ್ಲಿ. ಮಾರ್ಚಿನಲ್ಲಿ ಶುರುವಾದ ಹೂ ಮಳೆಗಾಲ ಬಲಿಯುವವರೆಗೂ ಅಲೆ ಅಲೆಯಾಗಿ ಬರುತ್ತದೆ. ನಾನು ಡಿಸೆಂಬರಿನಿಂದ ಸೊಂಟ ಬಗ್ಗಿಸಿ ಮಾಡಿದ್ದು ಈ ಕೆಲಸವನ್ನು. ಅದೆಲ್ಲ ಒಂದು ಸಂಜೆಯಲ್ಲಿ ಕಸವಾಯಿತು. ಮತ್ತೆ ಚಿಗುರಿ, ಚಿಗುರು ಬಲಿತು, ಮೊಗ್ಗು ಕಟ್ಟುವಷ್ಟರಲ್ಲಿ ಮುಂಗಾರು ಹಿಡಿದಿರುತ್ತದೆ.

ನನ್ನ ಸಿಟ್ಟು ಅರ್ಥವಾಗಬೇಕಾದರೆ ಮಾರ್ಚ್ ತಿಂಗಳ ಕಥೆಯನ್ನೂ ಹೇಳಬೇಕು. ನಾನು ಖಜಾನೆಯಲ್ಲಿ 33 ವರ್ಷ ಕೆಲಸ ಮಾಡಿದವಳು. ನಾಗಮಂಗಲ, ಮಳವಳ್ಳಿ, ಮಂಡ್ಯ, ಕೊನೆಗೆ ಮೈಸೂರು. ಖಜಾನೆಯವರಿಗೆ ಮಾರ್ಚ್ ಎಂದರೆ ಬಿಲ್ಲು. ವರ್ಷವಿಡೀ ಮಲಗಿದ್ದ ಇಲಾಖೆಗಳೆಲ್ಲ 31ನೇ ತಾರೀಕಿನ ಸಂಜೆ ಎದ್ದು, ಅನುದಾನ ಹೋಗಿಬಿಡುತ್ತದೆ ಎಂದು ಕಂತೆಗಟ್ಟಲೆ ಬಿಲ್ಲು ಹೊತ್ತು ತರುತ್ತಿದ್ದವು. ಮಧ್ಯರಾತ್ರಿಯವರೆಗೆ ಟಪಾಲು, ಮೊಹರು, ಸಹಿ. ಅದು ಮುಗಿದರೆ ಏಪ್ರಿಲ್‌ನಲ್ಲಿ ಲೆಕ್ಕ ತಾಳೆ ಹಾಕುವ ಕೆಲಸ. 33 ವರ್ಷ ನಾನು ಮುಡಿದದ್ದು ಬಸ್ ನಿಲ್ದಾಣದ ಮುಂದೆ ಮೊಳದ ಲೆಕ್ಕದಲ್ಲಿ ಕೊಂಡ ಹೂವನ್ನೇ. 2008ರಲ್ಲಿ ಸರ್ಕಾರ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದಾಗ ಜೊತೆಯವರು ಸಿಹಿ ಹಂಚಿದರು. ಇನ್ನೂ ಎರಡು ಮಾರ್ಚ್ ಬಿಲ್ಲಿನ ಪಾಲಾಯಿತಲ್ಲ ಎಂದು ನಾನು ಹಲ್ಲು ಕಚ್ಚಿ ಆ ಸಿಹಿ ತಿಂದೆ. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದವಳು ಮಾರನೆಯ ದಿನ ಮೊದಲು ಮಾಡಿದ ಕೆಲಸವೇ ಹಿತ್ತಲಿನ ಕಲ್ಲುಚಪ್ಪಡಿ ಎತ್ತಿಸಿದ್ದು.

ಮೂರು ವರ್ಷವಾಯಿತು. ಹಿತ್ತಲಿನಲ್ಲಿ ಐದು ಮಲ್ಲಿಗೆ, ಒಂದು ಸಾಲು ಕನಕಾಂಬರ, ತೊಂಡೆ ಚಪ್ಪರ, ಕರಿಬೇವು, ಗೆಳತಿಯೊಬ್ಬಳು ಬೀಜ ಕೊಟ್ಟ ಈರನಗೆರೆ ಬದನೆ, ಮೂಲೆಯಲ್ಲಿ ನಂಜನಗೂಡು ರಸಬಾಳೆಯ ಒಂದು ಕಂದು ಇವೆ. ರಸಬಾಳೆ ಗೊನೆ ಹಾಕುತ್ತದೆಯೋ ಸೊರಗು ರೋಗಕ್ಕೆ ಬಲಿಯಾಗುತ್ತದೆಯೋ, ಅದು ಬೇರೆಯೇ ಚಿಂತೆ. ಬೇಸಿಗೆಯಲ್ಲಿ ಇವಕ್ಕೆಲ್ಲ ಕೂಸಿನ ಆರೈಕೆ ಬೇಕು. ಬಿಸಿಲೇರುವ ಮೊದಲು ನೀರು, ಬುಡಕ್ಕೆ ತರಗಿನ ಹೊದಿಕೆ, ಬಿಳಿನೊಣ ಬಂತೇ ಎಂದು ಎಲೆಯಡಿ ನೋಡುವುದು, ಸಂಜೆ ಮತ್ತೊಮ್ಮೆ ನೀರು. ಒಂದು ದಿನ ಮರೆತರೆ ತೊಂಡೆಬಳ್ಳಿ ಮುಖ ಬಾಡಿಸಿಕೊಂಡು ಕೂರುತ್ತದೆ.

ಸರಿಯಾಗಿ ಆಗಲೇ ನೆಂಟರು ಬರುತ್ತಾರೆ.

ಮೊದಲೆಲ್ಲ ಬೇಸಿಗೆ ರಜೆಗೆ ಬರುವವರು ಹದಿನೈದು ದಿನ ಮುಂಚೆ ಕಾಗದ ಬರೆಯುತ್ತಿದ್ದರು. ಆಮೇಲೆ ಹಿಂದಿನ ದಿನ ಫೋನು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ಆ ಸೌಜನ್ಯವೂ ಹೋಯಿತು. ಈಗ ಫೋನು ಬರುವುದು ಶ್ರೀರಂಗಪಟ್ಟಣ ಬೈಪಾಸಿನಿಂದ: “ಅತ್ತಿಗೆ, ಇನ್ನು ಇಪ್ಪತ್ತು ನಿಮಿಷ. ಊಟಕ್ಕೆ ಏನೂ ವಿಶೇಷ ಬೇಡ.” ಹಳೆಯ ರಸ್ತೆಯಲ್ಲಿ ಬರುತ್ತಿದ್ದಾಗ ಮದ್ದೂರಿನಲ್ಲಾದರೂ ನಿಂತು ಒಂದು ಪೊಟ್ಟಣ ವಡೆ ಕಟ್ಟಿಸಿಕೊಂಡು ಬರುತ್ತಿದ್ದರು. ಹೊಸ ರಸ್ತೆ ಮದ್ದೂರು ಪೇಟೆಯನ್ನೂ ಬಳಸಿ ಹೋಗುವುದರಿಂದ ವಡೆಯೂ ಇಲ್ಲ, ವಡೆ ತಿನ್ನುವಷ್ಟು ಹೊತ್ತಿನ ವಿರಾಮ ನನಗೂ ಇಲ್ಲ.

ಈ ಸಲ ಬಂದವರು ಒಂಬತ್ತು ಮಂದಿ. ಮೈದುನನ ಮನೆಯ ಐವರು, ಜೊತೆಗೆ ನನ್ನ ಓರಗಿತ್ತಿಯ ತಂಗಿಯ ಮನೆಯ ನಾಲ್ವರು. ಆ ನಾಲ್ವರನ್ನು ನಾನು ಹಿಂದೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನೋಡಿದ್ದೆ, ಅಷ್ಟೇ ಪರಿಚಯ. ಎಂಟು ದಿನ ಇದ್ದರು. ನಮ್ಮ ಬೀದಿಗೆ ಬೇಸಿಗೆಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಅದೂ ಬೆಳಗಿನ ಜಾವ, ಸಣ್ಣಗೆ. ನಗರದವರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಲೆಕ್ಕ. ಹನ್ನೊಂದು ಜನಕ್ಕೆ ದಿನಕ್ಕೆ 1,485 ಲೀಟರ್, ಎಂಟು ದಿನಕ್ಕೆ 11,880. ಒಬ್ಬೊಬ್ಬರು ಅರ್ಧ ಗಂಟೆ ಷವರಿನ ಕೆಳಗೆ ನಿಂತಿದ್ದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ನನ್ನ ಸಂಪು 5,000 ಲೀಟರಿನದು. ಮೂರನೆಯ ದಿನವೇ ತಳ ಕಂಡಿತು. ಗಿಡಗಳಿಗೆ ಉಳಿದದ್ದು ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು. ಅದನ್ನೂ ನಾನು ಬಕೆಟ್ಟಿನಲ್ಲಿ ಕೂಡಿಟ್ಟಿದ್ದರೆ, ಪಾಪ, ಗಲೀಜು ನೀರು ಎಂದು ಯಾರೋ ಬಚ್ಚಲಿಗೆ ಸುರಿದರು.

ಟ್ಯಾಂಕರ್ ತರಿಸಿದೆ. ಹಣ ನನ್ನ ಪಿಂಚಣಿಯದು. “ಗಿಡಕ್ಕೆಲ್ಲ ಟ್ಯಾಂಕರ್ ನೀರೇ?” ಎಂದು ಓರಗಿತ್ತಿ ಕಣ್ಣರಳಿಸಿದಳು. ಗಿಡಕ್ಕಲ್ಲಮ್ಮ, ನಿನ್ನ ತಂಗಿಯ ಮಗನ ಎರಡನೆಯ ಸ್ನಾನಕ್ಕೆ. ಇದನ್ನು ಮನಸ್ಸಿನಲ್ಲಿ ಹೇಳಿಕೊಂಡೆ.

ಮಂಗಳವಾರ ಮೃಗಾಲಯಕ್ಕೆ ವಾರದ ರಜೆ ಎಂದು ಸೋಮವಾರ ರಾತ್ರಿಯೇ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂಬತ್ತೂ ಜನ ಹೊರಟು, ಮುಚ್ಚಿದ ಗೇಟು ನೋಡಿ, ಬಿಸಿಲಿನಲ್ಲಿ ಬೆಂದು, ಹನ್ನೊಂದೂವರೆಗೆ ವಾಪಸು ಬಂದರು. ಮಧ್ಯಾಹ್ನದ ಊಟ ಹೊರಗೇ ಎಂದಿದ್ದರಿಂದ ನಾನು ಬದನೆ ಪಾತಿಗೆ ಇಳಿದಿದ್ದೆ. ಮಣ್ಣುಗೈ ತೊಳೆದು ಮತ್ತೆ ಒಲೆ ಹಚ್ಚಿದೆ.

ನಮ್ಮ ಯಜಮಾನರೂ ನಿವೃತ್ತರೇ. ಆದರೆ ಅವರ ನಿವೃತ್ತಿಯನ್ನು ಯಾರೂ ಮುಟ್ಟುವುದಿಲ್ಲ. ಬೆಳಿಗ್ಗೆ ಪತ್ರಿಕೆ, ಹತ್ತಕ್ಕೆ ಎರಡನೆಯ ಕಾಫಿ, ಸಂಜೆ ಉದ್ಯಾನದಲ್ಲಿ ಹರಟೆ. ನೆಂಟರು ಬಂದರೆ ಅವರಿಗೆ ಕೇಳುಗರು ಹೆಚ್ಚುತ್ತಾರೆ, ಅಷ್ಟೇ ವ್ಯತ್ಯಾಸ. ಮಲ್ಲಿಗೆ ಮೋಟು ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಹೋಗಲಿ ಬಿಡೆ, ಚಿಗುರುತ್ತದೆ. ಅವನು ಒಳ್ಳೆಯದಕ್ಕೇ ಮಾಡಿದ್ದು” ಎಂದರು. ತಮ್ಮನಲ್ಲವೇ.

ಎಲ್ಲಕ್ಕಿಂತ ಮೈ ಉರಿಸುವುದು ಒಂದು ಮಾತು. ಬಂದವರೆಲ್ಲ ಸೋಫಾದಲ್ಲಿ ಒರಗಿಕೊಂಡು ಅದನ್ನೇ ಹೇಳುತ್ತಾರೆ: “ನಿಮಗೇನು ಅತ್ತಿಗೆ, ಈಗ ಆರಾಮು. ಮನೆಯಲ್ಲೇ ಇರುತ್ತೀರಲ್ಲ.” ನಾನು ಕಚೇರಿಗೆ ಹೋಗುತ್ತಿದ್ದಾಗ ಇದೇ ಜನ ಭಾನುವಾರ ಬಂದು ಭಾನುವಾರವೇ ಹೊರಡುತ್ತಿದ್ದರು, ನಾಳೆ ಅತ್ತಿಗೆಗೆ ಡ್ಯೂಟಿ ಇದೆ ಎಂದು. ಸರ್ಕಾರದ ಹಾಜರಿ ಪುಸ್ತಕಕ್ಕೆ ಇದ್ದ ಮರ್ಯಾದೆ ನನ್ನ ಹಿತ್ತಲಿಗೆ ಇಲ್ಲ. ಮೈಸೂರು ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಮೈಸೂರಿನಲ್ಲಿ ಮಲ್ಲಿಗೆ ಬೆಳೆಸುವವಳ ಬೆಳಗಿನ ಎರಡು ತಾಸಿನ ದುಡಿಮೆಗೆ ಮಾನ್ಯತೆ ಕೊಡುವ ಕಚೇರಿ ಎಲ್ಲಿದೆಯೋ, ಅರ್ಜಿ ಹಾಕಿಕೊಳ್ಳುತ್ತೇನೆ.

ಹಾಗೆಂದು ನಾನೇ ಎಲ್ಲಿಗಾದರೂ ಹೋಗೋಣವೆಂದರೆ ಅದೂ ಆಗುವುದಿಲ್ಲ. ಹೋದ ವರ್ಷ ಮೇ ತಿಂಗಳಿನಲ್ಲಿ ಮಗಳ ಮನೆಗೆ ಆರು ದಿನ ಹೋಗಿದ್ದೆ. ನೀರು ಹಾಕುತ್ತೇನೆ ಎಂದು ಮಾತು ಕೊಟ್ಟಿದ್ದು ಇದೇ ಯಜಮಾನರು. ಬಂದು ನೋಡಿದರೆ ಕನಕಾಂಬರ ಹಪ್ಪಳದಂತೆ ಒಣಗಿತ್ತು. “ಮಳೆ ಬರುವ ಹಾಗಿತ್ತಲ್ಲ” ಎಂದರು. ಮಗಳು ಈಗಲೂ ಫೋನಿನಲ್ಲಿ ಕೇಳುತ್ತಾಳೆ, ನಿನಗೆ ನಾನು ಹೆಚ್ಚೋ ಗಿಡ ಹೆಚ್ಚೋ ಎಂದು. ಈ ಪ್ರಶ್ನೆಗೆ ಉತ್ತರ ಕೊಡುವಷ್ಟು ದಡ್ಡಿ ನಾನಲ್ಲ.

ಒಂದು ಮಾತು ನಿಜ ಹೇಳಬೇಕು. ಮೈದುನನ ಮೊಮ್ಮಗಳು, ಆರು ವರ್ಷದವಳು, ಮೂರನೆಯ ದಿನದಿಂದ ನನಗಿಂತ ಮೊದಲೇ ಎದ್ದು ಹಿತ್ತಲ ಬಾಗಿಲಲ್ಲಿ ಕೂತಿರುತ್ತಿದ್ದಳು. ಅರಳುವ ಮೊದಲೇ ಮೊಗ್ಗು ಬಿಡಿಸಬೇಕು, ಬೆಳ್ಳಗೆ ತುಂಬಿಕೊಂಡದ್ದನ್ನು ಮಾತ್ರ ಮುಟ್ಟಬೇಕು, ಹಸಿರಿರುವುದನ್ನು ಬಿಡಬೇಕು ಎಂದು ಒಂದೇ ಸಲ ಹೇಳಿಕೊಟ್ಟೆ. ಒಂದು ಹಸಿರು ಮೊಗ್ಗನ್ನೂ ಕೀಳಲಿಲ್ಲ. ಇವತ್ತು ಮೋಟು ನೋಡಿ ಅವಳು ತಾತನ ಮುಖವನ್ನು ನೋಡಿದ ರೀತಿಯಿಂದ ನನ್ನ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಊಟ ಮುಗಿಸಿ ಹೊರಟರು. ಹೊರಡುವಾಗ ಕರಿಬೇವಿನ ಎರಡು ಕೊಂಬೆ, ವಾಂಗಿಬಾತಿಗೆಂದು ಇದ್ದಬದ್ದ ಬದನೆ, ಎರಡು ಹಿಡಿ ತೊಂಡೆಕಾಯಿ ಕಾರಿನ ಡಿಕ್ಕಿ ಸೇರಿದವು. ನಾನೂ ಕುಂಕುಮ ಕೊಟ್ಟು, ರವಿಕೆ ಕಣ ಕೊಟ್ಟು, ಮತ್ತೆ ಬನ್ನಿ ಎಂದೆ. ಹೇಳದಿದ್ದರೆ ಆಗುತ್ತದೆಯೇ? ಮುಡಿಯಲು ಹೂವಿಲ್ಲವೇ ಎಂದು ಓರಗಿತ್ತಿ ಕೇಳಿದಳು. ಗಂಡನನ್ನೇ ಕೇಳು ಎಂದೆ.

ಸಂಜೆ ಮೋಟುಗಳ ಬುಡಕ್ಕೆ ಹೊದಿಕೆ ಸರಿಮಾಡಿ ಒಂದೊಂದು ಚೊಂಬು ನೀರು ಹಾಕಿದೆ. ಅಶ್ವಿನಿ ಮಳೆ ಹನಿ ಹಾಕದೆ ಹೋಯಿತು, ಇನ್ನು ಭರಣಿ ಮಳೆಯ ಮೇಲೆ ಕಣ್ಣು. ಕೈ ತೊಳೆಯುತ್ತಿರುವಾಗಲೇ ನಾದಿನಿಯ ಫೋನು. ಶುಕ್ರವಾರ ಬರುತ್ತಾರಂತೆ, ಆರು ಜನ. “ಅಣ್ಣ ಹೇಳಿದ, ಮಲ್ಲಿಗೆಯನ್ನು ಚೆನ್ನಾಗಿ ಸವರಿಕೊಟ್ಟಿದ್ದಾನಂತೆ. ನಮ್ಮ ಮನೆಯವರಿಗೂ ತೋಟದ ಹುಚ್ಚು ಅತ್ತಿಗೆ, ದಾಸವಾಳ ಏನಾದರೂ ಇದ್ದರೆ ಅವರೇ ಮಾಡಿಕೊಡುತ್ತಾರೆ.”

ಕತ್ತರಿಯನ್ನು ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತಿಟ್ಟಿದ್ದೇನೆ.